ಹದಿನೆಂಟು ಮಣಿಗಳಲ್ಲಿ ಹೆಪಾರಿನ್: ಮಾಡಿ ನೋಡಿ

ರಕ್ತ ಹೆಪ್ಪುಗಟ್ಟುವುದೆಂದರೆ ಅಂಟಿಕೊಳ್ಳುವ ಕೆಲಸ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಶುರುವಾಗುವುದು ಮಾತ್ರ ಕತ್ತರಿಸುವುದರಿಂದ. ಥ್ರಾಂಬಿನ್ ಎಂಬ ಕಿಣ್ವವು ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಪ್ರೋಟೀನಿನಿಂದ ಸಣ್ಣ ಚೂರುಗಳನ್ನು ಕತ್ತರಿಸಿ ಹಾಕುತ್ತದೆ. ಉಳಿದದ್ದು ಎಳೆ ಎಳೆಯಾಗಿ ಹೆಣೆದುಕೊಂಡು ಬಲೆಯಾಗುತ್ತದೆ. ಗಾಯದ ಬಾಯಲ್ಲಿ ಇದು ವರ, ಕಾಲಿನ ರಕ್ತನಾಳದೊಳಗೆ ಗಂಡಾಂತರ. ಈ ಕತ್ತರಿಯನ್ನು ಹಿಡಿದು ನಿಲ್ಲಿಸುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನೂ ರಕ್ತದಲ್ಲೇ ಇದೆ. ಆದರೆ ಅದು ಬಲು ನಿಧಾನಿ. ಅದನ್ನು ಸುಮಾರು 1,000 ಪಟ್ಟು ಚುರುಕಾಗಿಸುವುದು ವೈದ್ಯರು ಔಷಧವಾಗಿ ಕೊಡುವ ಹೆಪಾರಿನ್ ಎಂಬ ಸಕ್ಕರೆ ಸರಪಳಿ. ಶರ್ಕರಪಿಷ್ಟವೆಂದರೆ ಅನ್ನ, ಮುದ್ದೆ ಎಂದಷ್ಟೇ ತಿಳಿದವರಿಗೆ ಇದು ವಿಚಿತ್ರವೆನಿಸಬಹುದು.

ಬೇಕಾಗುವ ಸಾಮಾನು: 13 ಬಿಳಿ ಮಣಿ, 5 ಕೆಂಪು ಮಣಿ, ದಾರ, ರಟ್ಟು, ಕತ್ತರಿ, ಒಂದು ಹಿಡಿ ಚಪಾತಿ ಹಿಟ್ಟು.

ಮೊದಲು ಸರ ಪೋಣಿಸಿ. ಐದು ಕೆಂಪು ಮಣಿಗಳು ಒಂದು ತುದಿಯಲ್ಲಿ ಒಟ್ಟಿಗೆ ಇರಲಿ. ಒಂದೊಂದು ಮಣಿಯೂ ಒಂದೊಂದು ಸಕ್ಕರೆ ಘಟಕ. ನಿಜವಾದ ಹೆಪಾರಿನ್‌ನಲ್ಲಿ ಈ ಘಟಕಗಳಿಗೆ ಸಲ್ಫೇಟ್ ಗುಂಪುಗಳು ಅಂಟಿಕೊಂಡಿರುವುದರಿಂದ ಇಡೀ ಸರಪಳಿಗೆ ಭಾರೀ ಋಣ ವಿದ್ಯುದಂಶವಿರುತ್ತದೆ. ಕೆಂಪು ಐದರ ಜೋಡಣೆ ವಿಶೇಷವಾದದ್ದು. ಔಷಧದ ಬಾಟಲಿಯಲ್ಲಿರುವ ಸರಪಳಿಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಅದು ಇರುತ್ತದೆ.

ಬಳಿಕ ರಟ್ಟಿನ ಎರಡು ತುಂಡು ಕತ್ತರಿಸಿ. ಐದು ಮಣಿ ಉದ್ದದ್ದು ಆಂಟಿಥ್ರಾಂಬಿನ್. ಅದರ ಪಕ್ಕಕ್ಕೆ ದಾರದ ಕುಣಿಕೆಯೊಂದನ್ನು ಅಂಟಿಸಿ, ಅರ್ಧ ಹಿಂಬದಿಗೆ ಮಡಚಿಡಿ. ಹದಿಮೂರು ಮಣಿ ಉದ್ದದ್ದು ಥ್ರಾಂಬಿನ್. ಅದಕ್ಕೊಂದು ಬಾಯಿ ಕೊರೆಯಿರಿ.

ಈಗ ಆಟ. ಸಣ್ಣ ರಟ್ಟನ್ನು ಕೆಂಪು ಮಣಿಗಳ ಮೇಲೆ ಕೂರಿಸಿ, ಮಡಚಿದ್ದ ಕುಣಿಕೆಯನ್ನು ಹೊರಕ್ಕೆಳೆಯಿರಿ. ಹೆಪಾರಿನ್ ತಗುಲಿದಾಗ ಆಂಟಿಥ್ರಾಂಬಿನ್ನಿನ ಆಕಾರ ಬದಲಾಗುವುದು ಹೀಗೆಯೇ. ದೊಡ್ಡ ರಟ್ಟನ್ನು ಬಿಳಿ ಮಣಿಗಳ ಮೇಲಿಟ್ಟು ಜಾರಿಸುತ್ತಾ ತಂದರೆ ಬಾಯಿ ಕುಣಿಕೆಗೆ ಸಿಗುತ್ತದೆ. ಕುಣಿಕೆ ಗಾಳದ ಹುಳುವಿನಂತೆ. ಥ್ರಾಂಬಿನ್ ಅದನ್ನು ತನ್ನ ಎಂದಿನ ಊಟವೆಂದು ಕಚ್ಚುತ್ತದೆ. ಕತ್ತರಿಸಿದ ಗಳಿಗೆಯಲ್ಲೇ ಕುಣಿಕೆ ಆಂಟಿಥ್ರಾಂಬಿನ್ನಿನ ಒಡಲೊಳಗೆ ಸರಕ್ಕನೆ ಸೇರಿಕೊಂಡು, ಕಿಣ್ವವನ್ನು ಎದುರು ತುದಿಗೆ ಎಳೆದೊಯ್ದು ಅದರ ಆಕಾರವನ್ನೇ ಕೆಡಿಸುತ್ತದೆ. ಇಬ್ಬರೂ ಜೋಡಿಯಾಗಿ ಹೊರಟು ಹೋಗುತ್ತಾರೆ. ಸರ ಮಾತ್ರ ಹಾಗೇ ಉಳಿದು ಮುಂದಿನ ಜೋಡಿಗೆ ಕಾಯುತ್ತದೆ.

ಬಿಳಿ ಮಣಿಗಳನ್ನೆಲ್ಲ ತೆಗೆದು ಕೆಂಪು ಐದನ್ನಷ್ಟೇ ಉಳಿಸಿದರೆ? ಕುಣಿಕೆ ಹೊರಬರುತ್ತದೆ, ಥ್ರಾಂಬಿನ್ ಕೂರಲು ಜಾಗವಿಲ್ಲ. ಅದಕ್ಕೆ ಕನಿಷ್ಠ 18 ಘಟಕಗಳ ಸರಪಳಿ ಬೇಕು. ಫ್ಯಾಕ್ಟರ್ 10ಎ ಎಂಬ ಮತ್ತೊಂದು ಕತ್ತರಿಗೆ ಈ ಸೇತುವೆ ಬೇಡ, ಕುಣಿಕೆ ಹೊರಬಂದರೆ ಸಾಕು. ಫೊಂಡಾಪ್ಯಾರಿನಕ್ಸ್ ಎಂಬ ಕೃತಕ ಔಷಧ ಇದೇ ಐದು ಮಣಿಗಳ ತುಂಡು.

ಹೆಸರಿನ ಬಗ್ಗೆ ಒಂದು ಮಾತು. ಹೆಪಾರಿನ್‌ಗೂ ನಮ್ಮ ಹೆಪ್ಪಿಗೂ ನಂಟಿಲ್ಲ. ಗ್ರೀಕಿನಲ್ಲಿ ಯಕೃತ್ತಿಗೆ ಹೆಪಾರ್ ಎನ್ನುತ್ತಾರೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವಿಗಾಗಿ ಹುಡುಕುತ್ತಿದ್ದಾಗ, ನಾಯಿಯ ಯಕೃತ್ತಿನಿಂದ ತೆಗೆದ ಸಾರ ತದ್ವಿರುದ್ಧ ಕೆಲಸ ಮಾಡಿತು. ಈಗ ಔಷಧವನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ನಮ್ಮ ರಕ್ತನಾಳಗಳ ಒಳಗೋಡೆಯಲ್ಲಿ ಇದರ ದಾಯಾದಿ ಹೆಪರಾನ್ ಸಲ್ಫೇಟ್ ಇದ್ದೇ ಇದೆ.

ಕೊನೆಗೆ ಚಪಾತಿ ಹಿಟ್ಟು. ಮಣಿಗಳನ್ನು ಮತ್ತೆ ಪೋಣಿಸಿ, ಇಡೀ ಸರವನ್ನು ಹಿಟ್ಟಿನಲ್ಲಿ ಹುದುಗಿಸಿ. ರಟ್ಟುಗಳಿಗೆ ಕೂರಲು ನೆಲೆ ಸಿಗುವುದಿಲ್ಲ. ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಹೆಪಾರಿನ್ನಿನ ಕೆಲಸ ನಿಲ್ಲಿಸಲು ವೈದ್ಯರು ಕೊಡುವ ಪ್ರೋಟಮೈನ್ ಈ ಹಿಟ್ಟಿನಂತೆ: ಅದರ ಧನ ವಿದ್ಯುದಂಶ ಹೆಪಾರಿನ್ನಿನ ಋಣ ವಿದ್ಯುದಂಶವನ್ನು ತಬ್ಬಿಕೊಳ್ಳುತ್ತದೆ. ಆದರೆ ಫೊಂಡಾಪ್ಯಾರಿನಕ್ಸ್ ಅದರ ಹಿಡಿತಕ್ಕೆ ಸಿಗುವುದಿಲ್ಲ. ನಿಮ್ಮ ಹಿಟ್ಟು ಐದು ಮಣಿಗಳ ತುಂಡನ್ನೂ ನುಂಗಿಬಿಡುತ್ತದೆ. ಅಷ್ಟರಮಟ್ಟಿಗೆ ನಮ್ಮ ಮಾದರಿ ಸೋತಿತೆಂದು ಮಕ್ಕಳಿಗೆ ಹೇಳಿಬಿಡಿ.