ಮನೆಯಲ್ಲಿ ಬರೆದದ್ದಕ್ಕೆ ನಾನು ಅಂಕ ಕೊಡುವುದಿಲ್ಲ

ಮಾನ್ವಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಪರೀಕ್ಷೆಗೆ 80 ಅಂಕ, ಶಾಲೆ ಕೊಡುವ ಆಂತರಿಕ ಅಂಕ 20. ಈ 20 ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡುವ ಪೋಷಕರು ಕಡಿಮೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಪಾಠ ನಡೆಯುತ್ತಿರುವಾಗಲೇ ಕಲಿಕೆಯನ್ನು ಅಳೆಯುವುದು. ಒಂದೊಂದರಲ್ಲೂ ತಲಾ 15 ಅಂಕದ ಎರಡು ಚಟುವಟಿಕೆ, 20 ಅಂಕದ ಕಿರು ಪರೀಕ್ಷೆ. ಒಟ್ಟು 200 ಅಂಕವನ್ನು 20ಕ್ಕೆ ಇಳಿಸುತ್ತೇವೆ. ಹಾಗಾಗಿ ಚಟುವಟಿಕೆಯ ಪಾಲು 12, ಕಿರು ಪರೀಕ್ಷೆಯ ಪಾಲು 8. ಆ 12 ಅಂಕ ನಿಜವಾಗಿ ಯಾರ ಕೆಲಸಕ್ಕೆ ಸಲ್ಲುತ್ತದೆ ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ದೀಪಾವಳಿಯ ಆಸುಪಾಸಿನಲ್ಲಿ ನಮ್ಮಲ್ಲಿ ಹತ್ತಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ತಾಯಿ ಹೊಲದಿಂದ ಬರುವ ಹೊತ್ತಿಗೆ ಮಗಳು ರೊಟ್ಟಿ ಬಡಿದು, ತಮ್ಮನನ್ನು ಮಲಗಿಸಿರಬೇಕು. ಅವಳ ಹೋಂವರ್ಕ್ ಪುಟ ಖಾಲಿ. ಡಿಗ್ರಿ ಓದುವ ಅಣ್ಣನಿರುವ ಹುಡುಗನ ಪ್ರಾಜೆಕ್ಟ್ ಜೆರಾಕ್ಸ್ ಅಂಗಡಿಯಿಂದ ಬಣ್ಣದ ರಟ್ಟು ಹಾಕಿಸಿಕೊಂಡು ಬರುತ್ತದೆ. ಇಬ್ಬರಿಗೆ ಎಷ್ಟು ಗಣಿತ ಬರುತ್ತದೆ ಎಂಬುದು ಎರಡರಲ್ಲೂ ಕಾಣುವುದಿಲ್ಲ.

ಹೀಗಾಗಿ ಚಟುವಟಿಕೆಗಳನ್ನೆಲ್ಲ ಶಾಲೆಯ ಅವಧಿಯೊಳಗೆ ತಂದೆ. ತ್ರಿಕೋನಮಿತಿಗೆ ಕೋನಮಾಪಕ, ದಾರ, ತೂಗುಬಿಡಲು ಒಂದು ಕಲ್ಲು; ಅಂಗಳದ ಧ್ವಜಕಂಬದ ಎತ್ತರ ಲೆಕ್ಕ ಹಾಕಬೇಕು. ಸಂಖ್ಯಾಶಾಸ್ತ್ರಕ್ಕೆ, ಮನೆಯವರು ಹಿಂದಿನ ದಿನ ಎಷ್ಟು ಕಿಲೋ ಹತ್ತಿ ಬಿಡಿಸಿದರು ಎಂದು ಕೇಳಿಕೊಂಡು ಬಂದರೆ ಸಾಕು. ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ತೂಕ ಎಲ್ಲರಿಗೂ ನೆನಪಿರುತ್ತದೆ. ತೂಕಗಳನ್ನು ವರ್ಗಾಂತರಗಳಾಗಿ ವಿಂಗಡಿಸಿ, ಸರಾಸರಿ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ) ಕಂಡುಹಿಡಿಯುವುದೆಲ್ಲ ತರಗತಿಯಲ್ಲಿ, ನನ್ನ ಕಣ್ಣೆದುರಿಗೆ. ಒಬ್ಬರೇ ವಿಪರೀತ ಹೆಚ್ಚು ಬಿಡಿಸಿದರೆ ಸರಾಸರಿ ಏರುತ್ತದೆ, ಮಧ್ಯಾಂಕ ಹೆಚ್ಚು ಕದಲುವುದಿಲ್ಲ ಎಂಬುದನ್ನು ಮಕ್ಕಳೇ ಪತ್ತೆಹಚ್ಚಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೋಂವರ್ಕ್ ನಿಲ್ಲಿಸಿಲ್ಲ. ದಿನಕ್ಕೆ ಎರಡೇ ಲೆಕ್ಕ. ತಪ್ಪಿದ ಹಂತಕ್ಕೆ ಗುರುತು ಹಾಕುತ್ತೇನೆ, ಅಂಕ ಹಾಕುವುದಿಲ್ಲ. ಕಿರು ಪರೀಕ್ಷೆಯಲ್ಲಿ ಅವೇ ಲೆಕ್ಕಗಳು ಸಂಖ್ಯೆ ಬದಲಾಗಿ ಬರುತ್ತವೆ, ಆದ್ದರಿಂದ ದಿನವೂ ಬರೆಯುವವರ ಶ್ರಮ ವ್ಯರ್ಥವಾಗುವುದಿಲ್ಲ. ಕಡಿಮೆ ಬಂದವರಿಗೆ ಪರಿಹಾರ ಬೋಧನೆ, ಆಮೇಲೆ ಹೊಸ ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ಎರಡರಲ್ಲಿ ಹೆಚ್ಚು ಬಂದದ್ದು ದಾಖಲೆಗೆ ಸೇರುತ್ತದೆ.

‘ಎಲ್ಲರಿಗೂ 19 ಹಾಕಿಬಿಡಿ ಸರ್, ಬಡ ಮಕ್ಕಳು’ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಕರುಣೆಯಿಂದ ಬಂದ ಮಾತು, ಆದರೂ ಒಪ್ಪಲಾರೆ. 19 ಕಂಡ ತಂದೆ ಮಗಳಿಗೆ ಲೆಕ್ಕ ಬರುತ್ತದೆ ಎಂದೇ ನಂಬುತ್ತಾನೆ. 80 ಅಂಕದ ಪ್ರಶ್ನೆಪತ್ರಿಕೆಯ ಮುಂದೆ ಕೂರುವವಳು ಅವಳು. ಅವಳ ಮಟ್ಟ 11 ಎಂದು ನವೆಂಬರಿನಲ್ಲೇ ತಿಳಿದರೆ ಕಲಿಸಲು ನಮಗಿನ್ನೂ ಸಮಯವಿರುತ್ತದೆ.

ಮನೆಯವರೊಂದಿಗೆ ಬೆಂಗಳೂರಿಗೆ ಗುಳೆ ಹೋಗುವ ಮಕ್ಕಳಿಗೆ ಮಾತ್ರ ಈ ಕ್ರಮವೂ ಸಾಲದು. ಮರಳಿದ ಮೇಲೆ ಬಾಕಿ ಚಟುವಟಿಕೆಗಳನ್ನು ಬೆಳಗಿನ ವಿಶೇಷ ತರಗತಿಯಲ್ಲಿ ಮಾಡಿಸುತ್ತೇನೆ. ತಪ್ಪಿಹೋದ ಪಾಠಗಳನ್ನು ಪೂರ್ತಿ ತುಂಬಿಕೊಡಲು ಆ ಹೊತ್ತು ಸಾಕಾಗುವುದಿಲ್ಲ.