ಮೈಸೂರು, ಮಂಡ್ಯದ ಜೈಲಿನಲ್ಲಿ ಯಾರಿದ್ದಾರೆಂದು ತಿಳಿಯುವುದು ಹೇಗೆ?

ಹೆಸರು ಟೈಪಿಸಿದರೆ ಸಾಕು, ಕೈದಿಯ ಫೋಟೊ, ಆರೋಪ, ಜಾಮೀನಿನ ಮೊತ್ತ ಎಲ್ಲ ತೆರೆದುಕೊಳ್ಳುವ ಪುಟಗಳು ಅಮೆರಿಕದ ಅನೇಕ ಕೌಂಟಿ ಜೈಲುಗಳಿಗೆ ಇವೆ. ನಮ್ಮಲ್ಲಿ ಅಂಥದ್ದಿಲ್ಲ. ಮೈಸೂರು ಕೇಂದ್ರ ಕಾರಾಗೃಹದ್ದಾಗಲಿ, ಮಂಡ್ಯ ಜಿಲ್ಲಾ ಕಾರಾಗೃಹದ್ದಾಗಲಿ ಕೈದಿಗಳ ಪಟ್ಟಿಯನ್ನು ಹೆಸರು ಹಿಡಿದು ಹುಡುಕಲು ಸಾರ್ವಜನಿಕರಿಗೆ ಬಿಟ್ಟಿಲ್ಲ. ಹಾಗಾಗಿ ಜೈಲಿನ ಗೇಟಿನಿಂದ ಹುಡುಕಾಟ ಶುರು ಮಾಡಿದರೆ ದಿನ ಹಾಳು. ಮೊದಲು ಠಾಣೆ, ಆಮೇಲೆ ಕೋರ್ಟು, ಕೊನೆಗೆ ಜೈಲು. ಕಾಗದ ಹೋದ ದಾರಿಯಲ್ಲೇ ಮನುಷ್ಯನೂ ಹೋಗಿರುತ್ತಾನೆ.

ಮೊದಲ 24 ಗಂಟೆ

ಬಂಧಿಸಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿಯವರೆಗೆ ಆ ವ್ಯಕ್ತಿ ಜೈಲಿನಲ್ಲಿ ಇರುವುದಿಲ್ಲ, ಠಾಣೆಯಲ್ಲಿರುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಪ್ರಕಾರ ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪದ ಮಾಹಿತಿ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು. ಆ ವಿವರವನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಹಾಕಬೇಕು. ಫಲಕ ಕಾಣದಿದ್ದರೆ ಈ ಕಲಮಿನ ಹೆಸರು ಹೇಳಿಯೇ ಕೇಳಿ. ಕಾನೂನು ಗೊತ್ತಿದ್ದು ಕೇಳುವವರಿಗೆ ಸಿಗುವ ಉತ್ತರವೇ ಬೇರೆ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಸಿಗದಿದ್ದರೂ ಠಾಣೆಯ ದಾಖಲೆ ಬರೆಯುವ ರೈಟರ್ ಸಿಗುತ್ತಾರೆ. ಅವರಿಂದ ಮೂರು ವಿಷಯ ಬರೆದುಕೊಳ್ಳಿ: ಕ್ರೈಂ ನಂಬರ್ (ಎಂದರೆ ಎಫ್‌ಐಆರ್ ನಂಬರ್, ಅದು 123/2025 ಎನ್ನುವ ಹಾಗೆ ಇರುತ್ತದೆ), ಯಾವ ಕಲಂಗಳು, ಯಾವ ಕೋರ್ಟಿಗೆ ಹಾಜರುಪಡಿಸುತ್ತಾರೆ. ಭಾನುವಾರ ಅಥವಾ ಹಬ್ಬದ ರಜೆಯಾದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ, ಕೋರ್ಟಿನ ಬಾಗಿಲಲ್ಲಿ ಕಾದು ಕೂರಬೇಡಿ. ಬಂಧಿತ ವ್ಯಕ್ತಿ ಸೂಚಿಸಿದ ಸಂಬಂಧಿಕರಿಗೋ ಸ್ನೇಹಿತರಿಗೋ ವಿಷಯ ತಿಳಿಸುವುದು ಪೊಲೀಸರ ಕರ್ತವ್ಯ. ಬಂಧನದ ಮೆಮೊಗೆ ಒಬ್ಬ ಸಾಕ್ಷಿಯ ಸಹಿಯೂ ಇರಬೇಕು. 24 ಗಂಟೆ ಕಳೆದರೂ ಹಾಜರುಪಡಿಸಿಲ್ಲ, ಎಲ್ಲಿದ್ದಾನೆಂದೂ ಹೇಳುತ್ತಿಲ್ಲ ಎಂದಾದರೆ ಹುಡುಕಾಟ ನಿಲ್ಲಿಸಿ ವಕೀಲರ ಬಳಿ ಹೋಗಿ. ಅದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೋರುವ ಅರ್ಜಿಯ) ವಿಷಯ. ಮೈಸೂರು, ಮಂಡ್ಯ ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ.

ಎಫ್‌ಐಆರ್ ಹುಡುಕುವಾಗ ಎಡವುವ ಜಾಗ

ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ತಾಂತ್ರಿಕ ತೊಂದರೆಯಿದ್ದರೆ, ನೆಟ್‌ವರ್ಕ್ ಸಿಗದ ಊರಾದರೆ ಗರಿಷ್ಠ 72 ಗಂಟೆವರೆಗೆ ವಿನಾಯಿತಿ ಇದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳ ಎಫ್‌ಐಆರ್ ಅಲ್ಲಿ ಬರುವುದಿಲ್ಲ. ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನ ಎಫ್‌ಐಆರ್ ಹುಡುಕಾಟದಲ್ಲಿ ಜಿಲ್ಲೆ, ಠಾಣೆ, ನಂಬರ್, ವರ್ಷ ಕೊಡಬೇಕು.

ಹೆಚ್ಚಿನವರು ತಪ್ಪುವುದು ಜಿಲ್ಲೆ ಆರಿಸುವಲ್ಲಿ. ಮೈಸೂರು ನಗರ ಪೊಲೀಸ್ ಕಮಿಷನರ್ ಅಡಿಯಲ್ಲಿದೆ, ಮೈಸೂರು ಜಿಲ್ಲೆ ಎಸ್‌ಪಿ ಅಡಿಯಲ್ಲಿದೆ. ಎರಡೂ ಬೇರೆ ಬೇರೆ ಘಟಕಗಳು. ನಗರದಲ್ಲಿ ಹುಡುಕಿ ಸಿಗದಿದ್ದರೆ ಜಿಲ್ಲೆಯಲ್ಲೂ ನೋಡಿ. ಇನ್ನು ಕೆಆರ್‌ಎಸ್, ಶ್ರೀರಂಗಪಟ್ಟಣ ಮೈಸೂರಿನ ಪಕ್ಕದಲ್ಲೇ ಇದ್ದರೂ ಮಂಡ್ಯ ಜಿಲ್ಲೆಯವು. ಬೃಂದಾವನಕ್ಕೆ ಹೋದವನ ಮೇಲೆ ಅಲ್ಲೇ ಕೇಸಾಗಿದ್ದರೆ ಠಾಣೆ, ಕೋರ್ಟು ಎಲ್ಲವೂ ಮಂಡ್ಯ ಜಿಲ್ಲೆಯ ಲೆಕ್ಕಕ್ಕೇ.

ಎಫ್‌ಐಆರ್‌ನಲ್ಲಿ ಹೆಸರಿಲ್ಲ ಎಂದರೆ ಬಂಧನ ಆಗಿಲ್ಲವೆಂದಲ್ಲ. ಕಳ್ಳತನದ ಕೇಸುಗಳಲ್ಲಿ ಆರೋಪಿಯ ಜಾಗದಲ್ಲಿ ‘ಅಪರಿಚಿತ’ ಎಂದಿರುವುದೇ ಹೆಚ್ಚು. ತಿಂಗಳುಗಳ ನಂತರ ಹಿಡಿದವರ ಹೆಸರು ರಿಮ್ಯಾಂಡ್ ಅರ್ಜಿಯಲ್ಲಿ (ಬಂಧನದಲ್ಲಿಡಲು ಪೊಲೀಸರು ಕೋರ್ಟಿಗೆ ಕೊಡುವ ಅರ್ಜಿಯಲ್ಲಿ), ಆಮೇಲೆ ದೋಷಾರೋಪ ಪಟ್ಟಿಯಲ್ಲಿ ಸೇರುತ್ತದೆ.

ಹೆಸರಿನ ಗೋಜಲು ಇನ್ನೂ ದೊಡ್ಡದು. ದಾಖಲೆಯಲ್ಲಿ ‘ರಾಜು @ ಕುಳ್ಳ ರಾಜು ಬಿನ್ ಕೆಂಪಯ್ಯ’ ಎಂದು ಇದ್ದರೆ @ ಎಂದರೆ ಅಲಿಯಾಸ್, ಬಿನ್ ಎಂದರೆ ಮಗ. ಹೆಂಗಸರಾದರೆ ‘ಕೋಂ’ ಎಂದು ಗಂಡನ ಹೆಸರು. ಊರಲ್ಲಿ ಎಲ್ಲರೂ ಕರೆಯುವ ಹೆಸರು ಒಂದು, ಆಧಾರಿನಲ್ಲಿರುವುದು ಇನ್ನೊಂದು, ಠಾಣೆಯಲ್ಲಿ ಬರೆದದ್ದು ಮತ್ತೊಂದು. ಇಂಗ್ಲಿಷಿನಲ್ಲಿ ಶಿವಕುಮಾರ್ ಮತ್ತು ಶಿವಕುಮಾರ, ಮಹದೇವ ಮತ್ತು ಮಾದೇವ ಬೇರೆ ಬೇರೆಯಾಗಿಯೇ ದಾಖಲಾಗುತ್ತವೆ. ಮಂಡ್ಯದಲ್ಲಿ ಒಂದೇ ಹೋಬಳಿಗೆ ಹತ್ತಾರು ಮಂದಿ ಶಿವಣ್ಣಂದಿರು. ತಂದೆಯ ಹೆಸರು, ಊರು ತಾಳೆಯಾಗದೆ ಇವನೇ ಎಂದು ತೀರ್ಮಾನಿಸಬೇಡಿ. ಅದರಲ್ಲೂ ಬಾಡಿಗೆಗೆ, ಕೆಲಸಕ್ಕೆ, ಮದುವೆಗೆ ಎಂದು ವಿಚಾರಿಸುವವರು.

ಇ-ಕೋರ್ಟ್ಸ್: ನಿಜವಾದ ಖಜಾನೆ

ಜೈಲಿನ ಬಗ್ಗೆ ಜೈಲಿಗಿಂತ ಹೆಚ್ಚು ಹೇಳುವುದು ಕೋರ್ಟಿನ ದಾಖಲೆ. ಕೋರ್ಟುಗಳ ಕೇಸಿನ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟು ಅಥವಾ ಆ್ಯಪ್ ತೆರೆದು ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ. ಸಂಕೀರ್ಣ ಮುಖ್ಯ: ಮಳವಳ್ಳಿಯ ಕೇಸು ಮಂಡ್ಯ ನಗರದ ಸಂಕೀರ್ಣದಲ್ಲಿ, ನಂಜನಗೂಡಿನ ಕೇಸು ಮೈಸೂರಿನದರಲ್ಲಿ ಸಿಗದೇ ಹೋಗಬಹುದು. ಆದ್ದರಿಂದ ಠಾಣೆ ಯಾವ ತಾಲ್ಲೂಕಿನದೋ ಆ ಸಂಕೀರ್ಣದಿಂದ ಶುರು ಮಾಡಿ.

ಕ್ರೈಂ ನಂಬರ್ ಕೈಯಲ್ಲಿದ್ದರೆ ಎಫ್‌ಐಆರ್ ನಂಬರಿನ ಟ್ಯಾಬಿಗೆ ಹೋಗಿ ಠಾಣೆ, ನಂಬರ್, ವರ್ಷ ಹಾಕಿ. ಇಲ್ಲದಿದ್ದರೆ ಪಕ್ಷಕಾರರ ಹೆಸರಿನಿಂದ ಹುಡುಕಬೇಕು. ಕನಿಷ್ಠ ಮೂರು ಅಕ್ಷರ ಸಾಕಾದ್ದರಿಂದ ಪೂರ್ತಿ ಹೆಸರು ಟೈಪಿಸದೆ ಕಾಗುಣಿತ ಬದಲಾಗದ ಭಾಗವನ್ನು ಮಾತ್ರ ಕೊಡಿ. ವರ್ಷ ಎಂದರೆ ಘಟನೆ ನಡೆದ ವರ್ಷವಲ್ಲ, ಕೋರ್ಟಿನಲ್ಲಿ ಕೇಸು ನೋಂದಣಿಯಾದ ವರ್ಷ. ಡಿಸೆಂಬರಿನ ಗಲಾಟೆಯ ಕೇಸು ಮುಂದಿನ ವರ್ಷದ ಪಟ್ಟಿಯಲ್ಲಿರುವುದು ಇದರಿಂದಲೇ.

ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮುನ್ನ ಮುಖ್ಯ ಕೇಸು ಕಾಣದೇ ಇರಬಹುದು. ಆಗ ಜಾಮೀನು ಅರ್ಜಿ ಹುಡುಕಿ. ಸೆಷನ್ಸ್ ಕೋರ್ಟಿನಲ್ಲಿ ಅದು ಕ್ರಿಮಿನಲ್ ಮಿಸಲೇನಿಯಸ್ ಎಂದು ನೋಂದಣಿಯಾಗುತ್ತದೆ, ಆರೋಪಿಯೇ ಅಲ್ಲಿ ಅರ್ಜಿದಾರ, ಸರ್ಕಾರ ಎದುರುದಾರ. ಅಲ್ಲಿ ತಿರಸ್ಕಾರವಾಗಿದ್ದರೆ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಕ್ರಿಮಿನಲ್ ಪಿಟಿಷನ್ ವಿಭಾಗ ನೋಡಿ.

ಕೇಸು ಸಿಕ್ಕ ಮೇಲೆ ಮೊದಲು 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಅದೊಂದೇ ಸಾಕು. ಆಮೇಲೆ ಪ್ರತಿ ತಾರೀಖಿನ ಮೇಲೆ ಒತ್ತಿ ಆ ದಿನದ ಟಿಪ್ಪಣಿ ಓದಿ. ‘ಎ1 ಇನ್ ಜೆ.ಸಿ.’ ಎಂದರೆ ಒಂದನೇ ಆರೋಪಿ ನ್ಯಾಯಾಂಗ ಬಂಧನದಲ್ಲಿದ್ದಾನೆ. ವಿ.ಸಿ. ಮೂಲಕ ಹಾಜರು ಎಂದಿದ್ದರೆ ಜೈಲಿನಿಂದಲೇ ವಿಡಿಯೊದಲ್ಲಿ ತೋರಿಸಿದ್ದಾರೆ. ‘ಆನ್ ಬೇಲ್’ ಎಂದರೆ ಹೊರಗಿದ್ದಾನೆ, ‘ಎನ್‌ಬಿಡಬ್ಲ್ಯು’ ಎಂದರೆ ಜಾಮೀನುರಹಿತ ವಾರೆಂಟ್ ಹೊರಟಿದೆ. ‘ಬಾಡಿ ವಾರೆಂಟ್’ ಎಂದು ಕಂಡರೆ ಆಸಾಮಿ ಇನ್ನೊಂದು ಕೇಸಿನಲ್ಲಿ ಬೇರೆ ಕಡೆ ಒಳಗಿದ್ದಾನೆ, ಅಲ್ಲಿಂದ ಕರೆತರಬೇಕು ಎಂದರ್ಥ. ತಲೆಮರೆಸಿಕೊಂಡವರ ಕೇಸನ್ನು ಬೇರ್ಪಡಿಸಿ ಹೊಸ ನಂಬರ್ ಕೊಟ್ಟಿರುವುದೂ ಉಂಟು. ಹಳೆ ನಂಬರಿನಲ್ಲಿ ಅವರ ಸುದ್ದಿ ಅಲ್ಲಿಗೆ ನಿಂತುಹೋಗುತ್ತದೆ.

ಯಾವ ಜೈಲು?

ಒಂದು ಸಲಕ್ಕೆ 15 ದಿನಕ್ಕೆ ಮೀರದಂತೆ ನ್ಯಾಯಾಂಗ ಬಂಧನ ವಿಸ್ತರಿಸುವುದರಿಂದ ಮುಂದಿನ ತಾರೀಖು ಯಾವತ್ತೂ ಹತ್ತಿರದಲ್ಲೇ ಇರುತ್ತದೆ. ಆ ದಿನ ಕೋರ್ಟಿನಲ್ಲಿ ಸಂಬಂಧಪಟ್ಟ ಠಾಣೆಯ ಕೋರ್ಟ್ ಕಾನ್‌ಸ್ಟೇಬಲ್ಲನ್ನು ಕೇಳಿ. ಯಾರು ಯಾವ ಜೈಲಿನಲ್ಲಿದ್ದಾರೆಂದು ಅವರಿಗೆ ಬಾಯಿಪಾಠ. ಕೇಸು ಮಂಡ್ಯದ್ದಾದ ಮಾತ್ರಕ್ಕೆ ಕೈದಿ ಮಂಡ್ಯದಲ್ಲೇ ಇರಬೇಕೆಂದಿಲ್ಲ. ಜಾಗದ ಕೊರತೆ, ಭದ್ರತೆ, ಗಲಾಟೆ ಇಂಥ ಕಾರಣಕ್ಕೆ ಬೇರೆ ಜೈಲಿಗೆ ಕಳಿಸುತ್ತಾರೆ. ದೀರ್ಘ ಶಿಕ್ಷೆಯಾದವರು ಕೇಂದ್ರ ಕಾರಾಗೃಹಕ್ಕೆ ಹೋಗುತ್ತಾರೆ.

ಜೈಲಿನ ಕೌಂಟರಿನಲ್ಲಿ ಕೇಳುವಾಗ ಪೂರ್ಣ ಹೆಸರು, ತಂದೆ ಹೆಸರು, ಠಾಣೆ, ಕ್ರೈಂ ನಂಬರ್ ಇರಬೇಕು. ಗೊತ್ತಿದ್ದರೆ ವಿಚಾರಣಾಧೀನ ಕೈದಿಯ ಯುಟಿಪಿ ನಂಬರನ್ನೋ ಸಜಾ ಕೈದಿಯ ಸಿಟಿಪಿ ನಂಬರನ್ನೋ ಹೇಳಿ, ಕೆಲಸ ಬೇಗ ಆಗುತ್ತದೆ. (ಕೈದಿ ನಂಬರನ್ನು ಗಾಡಿಗೆ ಬರೆಸಿಕೊಂಡ ಅಭಿಮಾನಿಗಳನ್ನು ಕಂಡ ರಾಜ್ಯ ನಮ್ಮದು, ಅದರ ಅರ್ಥ ಹೆಚ್ಚು ವಿವರಿಸಬೇಕಿಲ್ಲ.) ಜೈಲು ಬದಲಾದರೆ ನಂಬರೂ ಬದಲಾಗುತ್ತದೆ. ಇ-ಮುಲಾಕಾತ್ ಪುಟ ಭೇಟಿಗೆ ಅರ್ಜಿ ಹಾಕುವುದಕ್ಕೆ ಮಾತ್ರ. ಕೈದಿ ಯಾವ ಜೈಲಿನಲ್ಲಿದ್ದಾನೆಂದು ನೀವೇ ಅದಕ್ಕೆ ಹೇಳಬೇಕು, ಅದು ನಿಮಗೆ ಹೇಳುವುದಿಲ್ಲ. ಹೋಗುವಾಗ ಮೂಲ ಗುರುತಿನ ಚೀಟಿ ಜೊತೆಗಿರಲಿ.

‘ನಿಮ್ಮ ಮಗನನ್ನು ಹಿಡಿದಿದ್ದೇವೆ, ಹಣ ಹಾಕಿ’ ಎಂದು ಫೋನ್ ಬಂದರೆ ಠಾಣೆಯ ಹೆಸರು, ಕ್ರೈಂ ನಂಬರ್ ಕೇಳಿ ಕರೆ ಮುಗಿಸಿ. ಮೊದಲು ಮಗನಿಗೆ ಫೋನ್ ಮಾಡಿ, ಆಮೇಲೆ ಆ ಠಾಣೆಗೋ 112ಕ್ಕೋ ಮಾಡಿ. ವಿಡಿಯೊ ಕಾಲಿನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವುದು ಯಾವ ಕಾನೂನಿನಲ್ಲೂ ಇಲ್ಲ.

ಸಿಗದ ದಾಖಲೆ, ಆರ್‌ಟಿಐ

18 ತುಂಬದವರು ಜೈಲಿಗೆ ಹೋಗುವುದಿಲ್ಲ, ಮಕ್ಕಳನ್ನು ಇಡುವ ವೀಕ್ಷಣಾಲಯಕ್ಕೆ ಹೋಗುತ್ತಾರೆ. ಅವರ ಗುರುತು ಬಯಲು ಮಾಡುವುದೇ ಅಪರಾಧ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಜೈಲಿನ ಸಾಮರ್ಥ್ಯ ಎಷ್ಟು, ವಿಚಾರಣಾಧೀನರು ಎಷ್ಟು ಎಂಬಂಥ ಪ್ರಶ್ನೆಗೆ 30 ದಿನದಲ್ಲಿ ಉತ್ತರ ಬರಬೇಕು. ಇನ್ನೊಬ್ಬರ ವೈಯಕ್ತಿಕ ವಿವರ ಕೇಳಿದರೆ ತಿರಸ್ಕಾರವಾಗುವುದೇ ಹೆಚ್ಚು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ ಗಡುವು 48 ಗಂಟೆ, ಅದನ್ನು ಅರ್ಜಿಯ ತಲೆಬರಹದಲ್ಲೇ ಬರೆಯಿರಿ.

ಜಾಮೀನು ಸಿಕ್ಕಿಯೂ ಮನೆಗೆ ಬಾರದಿದ್ದರೆ

ಜಾಮೀನು ಆದೇಶವಾದ ದಿನವೇ ಬಿಡುಗಡೆ ಎಂದುಕೊಳ್ಳಬೇಡಿ. ಶ್ಯೂರಿಟಿದಾರರ (ಜಾಮೀನಿಗೆ ಹೊಣೆ ನಿಲ್ಲುವವರ) ಪಹಣಿ, ಗುರುತಿನ ದಾಖಲೆ ಕೋರ್ಟು ಒಪ್ಪಬೇಕು, ಬಿಡುಗಡೆ ಆದೇಶ ಜೈಲಿಗೆ ತಲುಪಬೇಕು, ಬೇರೆ ಕೇಸಿನ ವಾರೆಂಟ್ ಬಾಕಿ ಇರಬಾರದು. ಎಷ್ಟೋ ಬಾರಿ ತಡೆಯುವುದು ಕೊನೆಯದೇ. ಜಾಮೀನಾಗಿ 7 ದಿನದಲ್ಲಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅವರು ತಿಳಿಸಲೆಂದು ಕಾಯದೆ ನೀವೇ ಆದೇಶದ ಪ್ರತಿ ಹಿಡಿದು ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.