3ನೇ ನಂಬರ್ ಜೆರ್ಸಿ ಬಿಚ್ಚಿಟ್ಟ ಮೇಲೆ

ರಗ್ಬಿಯಲ್ಲಿ ನನ್ನದು 3ನೇ ನಂಬರ್ ಜೆರ್ಸಿ, ಅಂದರೆ ಟೈಟ್‌ಹೆಡ್ ಪ್ರಾಪ್, ಮುಂದಿನ ಸಾಲಿನ ಬಲಗಡೆಯವನು. 2004ರಲ್ಲಿ ದೇಶದ ತಂಡಕ್ಕೆ ಬಂದಾಗ ನನಗೆ 22 ವರ್ಷ. 2015ರಲ್ಲಿ ಬಿಟ್ಟೆ. ಚೆಂಡು ಹಿಡಿದು ಓಡಿದ್ದು ಕಡಿಮೆ. ನನ್ನ ಕೆಲಸವೆಲ್ಲ ಸ್ಕ್ರಮ್‌ನಲ್ಲೇ.

ಸ್ಕ್ರಮ್ ಅಂದರೆ ಈ ಕಡೆ 8 ಜನ, ಆ ಕಡೆ 8 ಜನ, ತಲೆ ತಗ್ಗಿಸಿ ತಳ್ಳೋದು. ಮುಂದಿನ ಸಾಲಿನ ಎಡಗಡೆಯ ಪ್ರಾಪ್ ಲೂಸ್‌ಹೆಡ್. ಅವನಿಗೆ ತಲೆಯ ಒಂದು ಪಕ್ಕ ಖಾಲಿ ಇರುತ್ತೆ. ಟೈಟ್‌ಹೆಡ್‌ಗೆ ಆ ಭಾಗ್ಯವಿಲ್ಲ. ಎದುರು ತಂಡದ ಹುಕರ್ (ಸಾಲಿನ ನಡುವಿನವನು) ಮತ್ತು ಲೂಸ್‌ಹೆಡ್ ನಡುವೆ ತಲೆ ತೂರಿಸಬೇಕು. ಎರಡೂ ಹೆಗಲ ಮೇಲೆ ಭಾರ, ಹಿಂದಿನಿಂದ ನಮ್ಮವರದೇ ನೂಕು. ಕಣ್ಣಿಗೆ ಕಾಣೋದು ಹುಲ್ಲು, ಕೆಸರು, ಎದುರಿನವನ ಬೂಟು. ಉಸಿರು ಬಿಡೋಕೂ ಸಮಯ ನೋಡಬೇಕು.

ಮೊದಮೊದಲು ಎದೆ, ತೋಳಿನ ಬಲದಲ್ಲೇ ತಳ್ಳೋಕೆ ಹೋಗಿ ಮುಗ್ಗರಿಸುತ್ತಿದ್ದೆ. ತಂಡದ ಹಿರಿಯ ಪ್ರಾಪ್ ಒಬ್ಬರು ಕಾಲಿನ ಲೆಕ್ಕ ಹೇಳಿಕೊಟ್ಟರು. ಬೂಟಿನ ಮೊಳೆ ನೆಲಕ್ಕೆ ಕಚ್ಚಿರಬೇಕು. ಹೆಗಲು ಸೊಂಟಕ್ಕಿಂತ ಕೆಳಗೆ ಇಳಿಯಬಾರದು. ಬೆನ್ನು ಹಲಗೆಯಂತೆ ಇರಬೇಕು. ಇಷ್ಟು ಮೈಗೆ ಹತ್ತೋಕೆ ನನಗೆ ಮೂರು ವರ್ಷ ಬೇಕಾಯಿತು.

ಆಗೆಲ್ಲ ರೆಫರಿ ‘ಎಂಗೇಜ್’ ಅಂದ ಕೂಡಲೇ ಎರಡೂ ಕಡೆಯವರು ದೂರದಿಂದ ಬಂದು ಡಿಕ್ಕಿ ಹೊಡೆಯುತ್ತಿದ್ದೆವು. ಕತ್ತಿನಿಂದ ಬೆರಳ ತುದಿವರೆಗೆ ಬೆಂಕಿ ಹರಿದಂತಾಗಿ ಕೈ ಜೋಮು ಹಿಡಿಯುತ್ತಿತ್ತು. 2013ರಲ್ಲಿ ನಿಯಮ ಬದಲಾಯಿತು: ‘ಕ್ರೌಚ್, ಬೈಂಡ್, ಸೆಟ್’, ಅಂದರೆ ಬಗ್ಗು, ಹಿಡಿ, ಜೋಡಿಸು. ಪ್ರಾಪ್‌ಗಳು ಮೊದಲು ಎದುರಿನವನ ಜೆರ್ಸಿ ಹಿಡಿಯಬೇಕು, ಆಮೇಲೆ ಜೋಡಣೆ. 31ನೇ ವಯಸ್ಸಿಗೆ ಕಲಿತದ್ದನ್ನೆಲ್ಲ ತಿದ್ದಿಕೊಂಡೆ. ಆ ಬದಲಾವಣೆ ಹತ್ತು ವರ್ಷ ಮುಂಚೆ ಬಂದಿದ್ದರೆ ನನ್ನ ಕತ್ತು ಇವತ್ತು ಬೇರೆ ಥರ ಇರುತ್ತಿತ್ತು ಅನ್ನೋದು ನನ್ನ ನಂಬಿಕೆ.

ಒಂದು ವಿಷಯಕ್ಕೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಒಂದು ಪಂದ್ಯದಲ್ಲಿ ಟ್ಯಾಕಲ್ ಮಾಡುವಾಗ ತಲೆ ತಪ್ಪು ಕಡೆ ಇಟ್ಟೆ. ಓಡುತ್ತಿದ್ದವನ ಮಂಡಿ ಕಪಾಳಕ್ಕೆ ಬಡಿಯಿತು. ಚೆಂಡು ಎರಡಾಗಿ ಕಂಡಿತು. ಡಾಕ್ಟರ್ ಓಡಿ ಬಂದು ಕೇಳಿದಾಗ ‘ಏನೂ ಆಗಿಲ್ಲ’ ಅಂದೆ. ಜಾಗ ಕೈತಪ್ಪುತ್ತೆ ಅನ್ನೋ ಭಯ. ಉಳಿದ ಆಟ ಪೂರ್ತಿ ಆಡಿದೆನಂತೆ. ಅದು ನನಗೆ ಗೊತ್ತಾಗಿದ್ದು ಮಾರನೇ ದಿನ ವಿಡಿಯೋ ನೋಡಿದಾಗ. ಈಗ ದೊಡ್ಡ ಪಂದ್ಯಗಳಲ್ಲಿ ಅನುಮಾನ ಬಂದರೆ ಸಾಕು, ಆಟಗಾರನನ್ನು ಆಚೆ ಕರೆದು ಪರೀಕ್ಷೆ ಮಾಡುತ್ತಾರೆ. 2024ರಿಂದ ತಲೆಗೆ ಬಿದ್ದ ಹೊಡೆತ ಅಳೆಯುವ ಮೌತ್‌ಗಾರ್ಡ್ (ಹಲ್ಲಿನ ಕವಚ) ಕೂಡ ಬಂದಿದೆ. ಸುಳ್ಳು ಹೇಳೋ ಅವಕಾಶ ಕಡಿಮೆಯಾಗಿದೆ, ಅದು ಒಳ್ಳೇದು.

ಆಟ ಬಿಟ್ಟಾಗ ನಾನು 120 ಕಿಲೋ. ದಿನಕ್ಕೆ ಆರು ಸಲ ತಿನ್ನೋ ಅಭ್ಯಾಸ. ತರಬೇತಿ, ಪಂದ್ಯ ಎರಡೂ ನಿಂತರೂ ಹಸಿವು ನಿಲ್ಲಲಿಲ್ಲ. ಮೊದಲು ಊಟ ನಾಲ್ಕು ಸಲಕ್ಕೆ ಇಳಿಸಿದೆ, ಆಮೇಲೆ ಮೂರಕ್ಕೆ. ಭಾರ ಎತ್ತೋದನ್ನು ಒಮ್ಮೆಲೇ ಬಿಡದೆ ಕಡಿಮೆ ಮಾಡುತ್ತಾ ಬಂದೆ, ಜೊತೆಗೆ ಈಜು. ಎರಡು ವರ್ಷದಲ್ಲಿ 22 ಕಿಲೋ ಇಳಿಯಿತು. ಕತ್ತು ಮಾತ್ರ ಮಾತು ಕೇಳಲಿಲ್ಲ. ಕಾರು ಹಿಂದಕ್ಕೆ ತೆಗೆಯುವಾಗ ಪೂರ್ತಿ ಮೈಯನ್ನೇ ತಿರುಗಿಸಬೇಕಿತ್ತು. ಫಿಸಿಯೋ ಹೇಳಿದ್ದು ಸರಳ: ಅಂಗೈಯನ್ನು ಹಣೆಗೆ ಒತ್ತಿ ಹತ್ತು ಎಣಿಸು, ತಲೆ ಅಲ್ಲಾಡಬಾರದು, ಆಮೇಲೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಇವತ್ತಿಗೂ ಹಲ್ಲುಜ್ಜಿದ ಮೇಲೆ ಅದೇ ನನ್ನ ಮೊದಲ ಕೆಲಸ.

ಶನಿವಾರ ಮಧ್ಯಾಹ್ನಗಳೇ ಕಷ್ಟ. ಪಂದ್ಯದ ಹೊತ್ತಾಯಿತು ಅಂತ ಕಾಲು ತಾನಾಗೇ ಚಡಪಡಿಸುತ್ತಿತ್ತು. ಈಗ ಆ ಹೊತ್ತಿಗೆ ಹುಡುಗರಿಗೆ ಸ್ಕ್ರಮ್ ಕಲಿಸುತ್ತೇನೆ. 19ರ ಒಳಗಿನವರ ಸ್ಕ್ರಮ್‌ನಲ್ಲಿ ಒಂದೂವರೆ ಮೀಟರ್‌ಗಿಂತ ಜಾಸ್ತಿ ತಳ್ಳುವಂತಿಲ್ಲ. ಅದನ್ನೂ ನಾನು ಆತುರದಿಂದ ಶುರು ಮಾಡಿಸಲ್ಲ. ಮೊದಲು ಮೂವರ ಎದುರು ಮೂವರು, ತಳ್ಳೋದೇ ಬೇಡ, ಸುಮ್ನೆ ಹಿಡಿದು ನಿಲ್ಲೋದು. ಹೋದ ವಾರ ಹೊಸ ಟೈಟ್‌ಹೆಡ್ ಒಬ್ಬ ಬೆನ್ನು ಗೂನು ಮಾಡಿಕೊಂಡಿದ್ದ. ಅಂಗೈ ಅವನ ಬೆನ್ನ ಮೇಲಿಟ್ಟು ‘ತಲೆ ಎತ್ತು ಮಗಾ, ಗದ್ದ ಎದೆಗೆ ತಾಗಬಾರದು’ ಅಂದೆ. ಬೆನ್ನು ನಿಧಾನವಾಗಿ ನೇರವಾಯಿತು. ಆಮೇಲಷ್ಟೇ ‘ಸೆಟ್’ ಅಂದೆ.